ಬೋರ್ಡಿನ ಮೇಲೆ ಇಂಗ್ಲಿಷ್, ಬಾಯಲ್ಲಿ ಕನ್ನಡ

ಮದುವೆಯಾಗಿ ಮೂವತ್ತು ವರ್ಷವಾಗುವವರೆಗೂ ನನ್ನ ಗಂಡ ಪಾಠ ಮಾಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಡಾಕ್ಟರ ಹೆಂಡತಿ ಆಪರೇಷನ್ ಥಿಯೇಟರಿನೊಳಗೆ ಹೋಗಿ ನಿಲ್ಲುತ್ತಾಳೆಯೇ? ಇದೂ ಹಾಗೇ ಅಂದುಕೊಂಡಿದ್ದೆ. ಬೆಳಿಗ್ಗೆ ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಮನೆಯಿಂದ ಟಿಫಿನ್ ಕ್ಯಾರಿಯರ್ ಹಿಡಿದು ಹೊರಟು ಇವರು ಭದ್ರಾವತಿ ಬಸ್ ಹತ್ತುತ್ತಿದ್ದರು. ಸಂಜೆ ಮೊಣಕೈವರೆಗೆ ಚಾಕ್‌ಪೀಸಿನ ಪುಡಿ ಮೆತ್ತಿಕೊಂಡು ಇಳಿಯುತ್ತಿದ್ದರು. ನಡುವೆ ಅಲ್ಲಿ ಏನು ನಡೆಯುತ್ತಿತ್ತು ಎಂದು ನಾನು ಕೇಳಿದವಳಲ್ಲ, ಅವರು ಹೇಳಿದವರಲ್ಲ. ಮ್ಯಾಥ್ಸ್ ಪ್ರೊಫೆಸರ್, ಅಷ್ಟೆ. ಮ್ಯಾಥ್ಸ್ ಎಂದರೆ ನನಗೆ ಅಲರ್ಜಿ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಶಿವಮೊಗ್ಗದಲ್ಲಿ ಆ ಕಾಲಕ್ಕೆ ಅದೊಂದು ದೊಡ್ಡ ಸಂಗತಿ. ನಮ್ಮ ಸಿಸ್ಟರ್ ನನ್ನ ಆಲ್ಜಿಬ್ರಾ ನೋಡಿ ತುಂಬ ಮೃದುವಾಗಿ, "ಜನರಲ್ ಮ್ಯಾಥ್ಸ್ ತಗೋ ಚೈಲ್ಡ್, ಯುವರ್ ಗಿಫ್ಟ್ ಈಸ್ ಯುವರ್ ವಾಯ್ಸ್" ಎಂದಿದ್ದರು. ಎಲೊಕ್ಯೂಷನ್‌ನಲ್ಲಿ ನನಗೆ ಪ್ರತಿವರ್ಷ ಕಪ್ ಬರುತ್ತಿತ್ತು. ಮುಂದೆ ಒಂದು ಗರ್ಲ್ಸ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆದೆ. ಪ್ರನನ್ಸಿಯೇಷನ್ ತಪ್ಪಿದರೆ ನನ್ನ ಹುಡುಗಿಯರು ನಾನು ಏನೂ ಅನ್ನದಿದ್ದರೂ ತಾವಾಗಿಯೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ಇವರದು ಬೇರೆಯೇ ದಾರಿ. ಕುಂಸಿ ಕಡೆಯ ಹಳ್ಳಿ, ಕನ್ನಡ ಮೀಡಿಯಂ. ಎಂಎಸ್ಸಿಗೆಂದು ಮೈಸೂರಿಗೆ ಹೋದಾಗ ಮೊದಲ ಕೆಲವು ತಿಂಗಳು ತರಗತಿಯಲ್ಲಿ ಕೂತದ್ದೇ ಬಂತಂತೆ. ಒಮ್ಮೆ ಮಾತ್ರ ಅದನ್ನು ನನ್ನೆದುರು ಹೇಳಿದ್ದರು.

"ಲೆಕ್ಕ ಅರ್ಥ ಆಗ್ತಿತ್ತು ಮಾರಾಯ್ತಿ. ಲೆಕ್ಕದ ಮಧ್ಯ ಮೇಷ್ಟ್ರು ಮಾತಾಡ್ತಿದ್ದ ಇಂಗ್ಲಿಷ್ ಅರ್ಥ ಆಗ್ತಿರ್ಲಿಲ್ಲ. ಜೋಕ್ ಮಾಡಿದ್ರೆ ಪಕ್ಕದೋನ ಮುಖ ನೋಡ್ಕೊಂಡು ನಗ್ತಿದ್ದೆ."

ಅದಕ್ಕೇ ಇರಬೇಕು, ಭದ್ರಾವತಿಯ ಕಾಲೇಜಿನಲ್ಲಿ ಲೆಕ್ಚರರ್ ಆಗಿ ಸೇರಿದ ದಿನದಿಂದ ಅಲ್ಲಿನ ಸ್ನಾತಕೋತ್ತರ ಕೇಂದ್ರದಲ್ಲಿ ಪ್ರೊಫೆಸರ್ ಆಗುವ ತನಕ ಇವರದು ಒಂದೇ ಪದ್ಧತಿ. ಬೋರ್ಡಿನ ಮೇಲೆ ಬರೆಯುವುದು ಇಂಗ್ಲಿಷಿನಲ್ಲಿ, ಯಾಕೆಂದರೆ ಪರೀಕ್ಷೆ ಇಂಗ್ಲಿಷಿನಲ್ಲಿ. ಬಾಯಲ್ಲಿ ಹೇಳುವುದೆಲ್ಲ ಕನ್ನಡದಲ್ಲಿ. ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ತಮಿಳು, ತೆಲುಗು ಮಾತಾಡುವ ಮನೆಗಳ ಮಕ್ಕಳಿಗೂ ಕನ್ನಡವೇ, ಆಯನೂರು ಕಡೆಯಿಂದ ಬರುವ ರೈತರ ಮಕ್ಕಳಿಗೂ ಕನ್ನಡವೇ. ಸ್ಟಾಫ್ ರೂಮಿನಲ್ಲಿ ಇದಕ್ಕೆ ನಗುವವರಿದ್ದರು. "ಏನ್ ಸಾರ್, ಇದು ಯೂನಿವರ್ಸಿಟಿನೋ ಮಿಡ್ಲ್ ಸ್ಕೂಲೋ" ಎಂದರೆ, "ಮಿಡ್ಲ್ ಸ್ಕೂಲಲ್ಲಿ ಅರ್ಥ ಆಗಿದ್ದು ಇವತ್ತಿಗೂ ನೆನಪಿದೆ ಸಾರ್, ಅದಕ್ಕೇ" ಎನ್ನುತ್ತಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ, ಅವರ ವಿದ್ಯಾರ್ಥಿಗಳಿಂದ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಇವರಿಗೆ ರಿಟೈರ್ ಆಗಲು ಒಂದೇ ವರ್ಷ ಉಳಿದಿತ್ತು. ನಾನು ಆಗಲೇ ವಾಲಂಟರಿ ರಿಟೈರ್ಮೆಂಟ್ ತೆಗೆದುಕೊಂಡಿದ್ದೆ. ಇವರ ದನಿ ಒಡೆಯತೊಡಗಿತು. ಮೊದಲು ನೆಗಡಿ ಎಂದೆವು, ಆಮೇಲೆ ಧೂಳು ಎಂದೆವು. ಕೊನೆಗೆ ಇಎನ್‌ಟಿ ಡಾಕ್ಟರು ಕನ್ನಡಿ ಹಾಕಿ ನೋಡಿ, ದನಿತಂತಿಯ ಮೇಲೆ ಗಂಟಾಗಿದೆ, ಕೆಟ್ಟ ಗಂಟಲ್ಲ, ತೆಗೆಯಬೇಕು ಎಂದರು. ಸಣ್ಣ ಆಪರೇಷನ್. ಅದು ಚೆನ್ನಾಗಿಯೇ ಆಯಿತು. ಗಾಯ ಮಾತ್ರ ನಿಧಾನವಾಗಿ ಮಾಯುತ್ತಿತ್ತು.

"ನಾನು ಹೇಳೋ ತನಕ ಒಂದು ಅಕ್ಷರ ಮಾತಾಡಬಾರದು ಸಾರ್" ಎಂದರು ಡಾಕ್ಟರು. "ಪಿಸುಗುಟ್ಟೋದೂ ಬೇಡ. ಅದು ಇನ್ನೂ ಕೆಟ್ಟದ್ದು. ಮಾತಾಡಿದ್ರೆ ಇರೋ ದನೀನೂ ಹೋಗುತ್ತೆ."

ಇವರು ತಲೆಯಾಡಿಸಿದರು. ಮನೆಗೆ ಬಂದವರೇ ಅಟ್ಟದಿಂದ ಹಳೆಯ ಸ್ಲೇಟು ತೆಗೆಸಿ ಬಳಪದಲ್ಲಿ ಬರೆದರು: "ಟೋಪಾಲಜಿ ಯಾರು ಮಾಡುತ್ತಾರೆ?"

ಟೋಪಾಲಜಿ ಎಂಬುದು ಕೊನೆಯ ವರ್ಷದ ಎಂಎಸ್ಸಿಯವರು ಆರಿಸಿಕೊಂಡಿದ್ದ ಪೇಪರು. ಆ ವಿಭಾಗದಲ್ಲಿ ಅದನ್ನು ಹೇಳಿಕೊಡುವವರು ಇವರೊಬ್ಬರೇ. ಅರ್ಧ ಪಾಠ ಆಗಿತ್ತು. ಮರುದಿನ ವಿಭಾಗದ ಮುಖ್ಯಸ್ಥರು ಮನೆಗೇ ಬಂದರು. ಒಳ್ಳೆಯ ಮನುಷ್ಯ, ಕಾಫಿ ಲೋಟ ಕೈಯಲ್ಲಿ ತಿರುಗಿಸುತ್ತ ಹೇಳಬೇಕಾದ್ದನ್ನು ಹೇಳಿದರು.

"ಮೆಡಿಕಲ್ ಲೀವ್ ಹಾಕಿಬಿಡಿ ಸಾರ್. ಹುಡುಗರಿಗೆ ಬೇರೆ ಪೇಪರ್ ಕೊಡಿಸೋಣ."

ಇವರು ಸ್ಲೇಟಿನಲ್ಲಿ ಬರೆದು ತೋರಿಸಿದರು: "ಮೊದಲಿಂದ ಶುರು ಮಾಡಬೇಕಲ್ಲ. ಪರೀಕ್ಷೆಗೆ ಎಲ್ಲಿ ಟೈಮಿದೆ?"

"ಇಲ್ಲ, ನಿಜ. ಆದ್ರೆ ದನಿ ಇಲ್ಲದೆ ನೀವು ಹೇಗೆ..."

ಇವರು ಬಳಪ ಕೆಳಗಿಟ್ಟರು. ಕೆಲವೇ ತಿಂಗಳಲ್ಲಿ ರಿಟೈರ್ ಆಗುವ ಮನುಷ್ಯ, ಕೊನೆಯ ಬ್ಯಾಚನ್ನು ನಡುನೀರಿನಲ್ಲಿ ಬಿಟ್ಟು ಮನೆಯಲ್ಲಿ ಕೂರುವುದನ್ನು ನನಗೆ ಊಹಿಸಲೂ ಆಗಲಿಲ್ಲ. ಇವರು ನನ್ನನ್ನು ಏನೂ ಕೇಳಲಿಲ್ಲ. ನಾನೇ ಹೇಳಿದೆ:

"ಇವರು ಬೋರ್ಡಲ್ಲಿ ಬರೀಲಿ. ಓದೋದು ನಾನು ಓದ್ತೀನಿ. ಇಂಗ್ಲಿಷ್ ತಾನೇ."

ಮುಖ್ಯಸ್ಥರು ನನ್ನನ್ನು ನೋಡಿದರು, ಇವರನ್ನು ನೋಡಿದರು. "ರೂಲ್ಸಲ್ಲಿ ಹೀಗೆ ಮಾಡಬಹುದು ಅಂತ ಇಲ್ಲ ಮೇಡಂ" ಎಂದರು. ಆಮೇಲೆ ಲೋಟ ಕೆಳಗಿಟ್ಟು, "ಮಾಡಬಾರದು ಅಂತಾನೂ ಇಲ್ಲ" ಎಂದರು.

ಹೀಗೆ ನಾನು ಭದ್ರಾವತಿ ಬಸ್ ಹತ್ತಿದೆ. ಒಳ್ಳೆಯ ಕಾಟನ್ ಸೀರೆ ಉಟ್ಟು, ರೀಡಿಂಗ್ ಗ್ಲಾಸ್ ಒರೆಸಿಕೊಂಡು. ಐ ವಾಸ್ ರಾದರ್ ಪ್ಲೀಸ್ಡ್ ವಿತ್ ಮೈಸೆಲ್ಫ್, ಸುಳ್ಳು ಯಾಕೆ ಹೇಳಲಿ.

ಮೊದಲ ದಿನ ಇವರು ಬರೆದರು, ನಾನು ಓದಿದೆ. ಚಿಹ್ನೆಗಳನ್ನು ಹೇಗೆ ಉಚ್ಚರಿಸಬೇಕೆಂದು ಬಸ್ಸಿನಲ್ಲೇ ಸ್ಲೇಟಿನ ಮೇಲೆ ಬರೆಸಿಕೊಂಡಿದ್ದೆ. "ಲೆಟ್ ಎಕ್ಸ್ ಬಿ ಎ ಸ್ಪೇಸ್" ಎಂದು ಶುರುಮಾಡಿ ನಿರರ್ಗಳವಾಗಿ ಓದಿದೆ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ಏರಿಸಬೇಕೋ ಅಲ್ಲಿ ಏರಿಸಿ. ತರಗತಿ ಬಹಳ ಶಾಂತವಾಗಿತ್ತು. ಇಷ್ಟು ಒಳ್ಳೆಯ ಮಕ್ಕಳೇ ಎಂದುಕೊಂಡೆ. ಆ ವಾರವೆಲ್ಲ ಹಾಗೇ ನಡೆಯಿತು. ಇವರ ಮುಖ ಮಾತ್ರ ದಿನದಿಂದ ದಿನಕ್ಕೆ ಸಪ್ಪಗಾಗುತ್ತಿತ್ತು. ಗಂಟಲು ನೋಯುತ್ತಿರಬೇಕು ಎಂದುಕೊಂಡೆ.

ವಾರದ ಕೊನೆಗೆ ಮುಂದಿನ ಬೆಂಚಿನ ಒಬ್ಬ ಹುಡುಗಿ ಕಾರಿಡಾರಿನಲ್ಲಿ ನನ್ನ ಹಿಂದೆ ಬಂದಳು. ಭದ್ರಾವತಿಯವಳೇ, ಅಪ್ಪ ಫ್ಯಾಕ್ಟರಿಯಲ್ಲಿ ಕೆಲಸ, ಮನೆಯಲ್ಲಿ ತಮಿಳು.

"ಮೇಡಂ, ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ."

"ಹೇಳಮ್ಮ."

"ನೀವು ಓದೋದು ರೇಡಿಯೋ ನ್ಯೂಸ್ ತರ ಇದೆ. ತುಂಬ ಚೆನ್ನಾಗಿದೆ. ಆದ್ರೆ ಬೋರ್ಡಲ್ಲಿ ಇರೋದನ್ನ ನಾವೂ ಓದ್ಕೊತೀವಿ ಮೇಡಂ. ಸಾರ್ ಅದನ್ನ ಯಾವತ್ತೂ ಓದ್ತಿರ್ಲಿಲ್ಲ."

"ಮತ್ತೆ ಇಷ್ಟು ವರ್ಷ ಏನು ಮಾತಾಡ್ತಿದ್ರಮ್ಮ ಅವರು?"

"ಒಂದು ಲೈನಿಂದ ಇನ್ನೊಂದು ಲೈನಿಗೆ ಹೇಗೆ ಹೋದ್ವಿ ಅಂತ ಹೇಳ್ತಿದ್ರು. ಕನ್ನಡದಲ್ಲಿ. ಅದೇ ಇಲ್ಲ ಈಗ."

ಹಿಂದೆ ನಿಂತಿದ್ದ ಆಯನೂರಿನ ಹುಡುಗ, "ನಿಮ್ಮ ಇಂಗ್ಲಿಷ್ ಕೇಳ್ತಾ ಕೇಳ್ತಾ ನಮಗೆ ಒಳ್ಳೆ ನಿದ್ದೆ ಮೇಡಂ" ಎಂದ. ಆ ಹುಡುಗಿ ಅವನ ಕಾಲು ತುಳಿದಳು.

ಬಸ್ಸಿನಲ್ಲಿ ನಾನು ಮಾತಾಡಲಿಲ್ಲ. ಇವರಂತೂ ಮಾತಾಡುವ ಹಾಗಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಮೂಗರ ಹಾಗೆ ಕೂತಿದ್ದೆವು. ಮನೆ ಸೇರಿ ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ನಿಮಗೆ ಮೊದಲ ದಿನಾನೇ ಗೊತ್ತಿತ್ತು ಅಲ್ವೇನ್ರೀ? ಮಕ್ಕಳಿಗೆ ಅರ್ಥ ಆಗ್ತಿಲ್ಲ ಅಂತ?"

ಸ್ಲೇಟು: "ಹೂಂ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಸ್ಲೇಟು: "ನೀನು ಬಂದದ್ದೇ ಹೆಚ್ಚು."

"ನಂಗೆ ಕಲಿಸಿ. ಆ ಲೈನುಗಳ ಮಧ್ಯದ್ದನ್ನ."

ಇವರು ಬರೆದರು: "ನಿನಗಾ?"

"ಯಾಕೆ, ನಾನೇನು ದಡ್ಡಿನಾ?"

"ನಾನು ಹಾಗೆ ಬರೆದಿಲ್ಲ" ಎಂದು ಬರೆದು, ಅದನ್ನೂ ಅಂಗೈಯಿಂದ ಒರೆಸಿ, ಜಗುಲಿಯ ಮೇಲೆ ಕೂತು ನನಗೂ ಜಾಗ ಮಾಡಿದರು.

ಅಂದಿನಿಂದ ಸಂಜೆಗಳಲ್ಲಿ ಬೇಳೆ ಬೇಯಲಿಟ್ಟು ಬಂದು ಕೂತರೆ ನಾನು ಇವರ ವಿದ್ಯಾರ್ಥಿನಿ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಕಾಣದಿದ್ದ ಒಬ್ಬ ಮನುಷ್ಯನನ್ನು ಆ ಜಗುಲಿಯಲ್ಲಿ ಕಂಡೆ. ಮನೆಯಲ್ಲಿ ಇವರಿಗೆ ತಾಳ್ಮೆ ಕಡಿಮೆ. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ಸರಿಸುವವರು. ಆದರೆ ನಾನು ತಪ್ಪು ಉತ್ತರ ಬರೆದರೆ ಇವರು ಅಡ್ಡಗೆರೆ ಹಾಕುತ್ತಿರಲಿಲ್ಲ. ಬರೆದದ್ದರಲ್ಲಿ ತಪ್ಪಿರುವ ಒಂದು ಪದವನ್ನು ಮಾತ್ರ ಬೆರಳ ತುದಿಯಿಂದ ಒರೆಸಿ, ಉಳಿದದ್ದನ್ನು ಹಾಗೇ ಬಿಟ್ಟು, ಬಳಪವನ್ನು ನನ್ನ ಕೈಗೇ ಕೊಡುತ್ತಿದ್ದರು. ಆ ಖಾಲಿ ಜಾಗ ನೋಡುತ್ತ ಕೂರಬೇಕು. ಎಷ್ಟು ಹೊತ್ತಾದರೂ ಕಾಯುತ್ತಿದ್ದರು. ಒಲೆಯ ಮೇಲೆ ಬೇಳೆ ಸೀದರೂ ಕಾಯುತ್ತಿದ್ದರು. ಕಾನ್ವೆಂಟಿನ ನಮ್ಮ ಸಿಸ್ಟರ್ ಕೂಡ ಒಳ್ಳೆಯವರೇ. ಆದರೆ ಅವರು ಹೀಗೆ ಕಾದಿರಲಿಲ್ಲ.

ಒಂದು ಸಂಜೆ ಕಠಿಣವಾದ ಪಾಠ ಬಂತು. ಎಷ್ಟು ವಿವರಿಸಿದರೂ ನನಗೆ ಹತ್ತಲಿಲ್ಲ. ಇವರು ಎದ್ದು ಒಳಗೆ ಹೋಗಿ ನನ್ನ ಬಳೆ ಸ್ಟ್ಯಾಂಡ್ ತಂದರು. ಕೆಂಪು ನೆಲದ ಮೇಲೆ ಚಾಕ್‌ಪೀಸಿನಲ್ಲಿ ಉದ್ದ ಗೆರೆ ಎಳೆದು ಒಂದು ತುದಿಗೆ "ಶಿವಮೊಗ್ಗ ಬಸ್ ಸ್ಟ್ಯಾಂಡ್", ಇನ್ನೊಂದು ತುದಿಗೆ "ಭದ್ರಾವತಿ ಬಸ್ ಸ್ಟ್ಯಾಂಡ್" ಎಂದು ಬರೆದರು. ಗೆರೆಯ ಮೇಲೆ ಒಂದರ ಮೇಲೊಂದು ತಾಗುವಂತೆ ಬಳೆಗಳನ್ನು ಹರಡಿದರು. ಸ್ಲೇಟಿನಲ್ಲಿ: "ಪ್ರತಿ ಬಳೆ ಒಂದು ಬೀದಿದೀಪದ ಬೆಳಕು. ಬಳೆಯ ಒಳಗೆ ಬಿದ್ದದ್ದು ಬೆಳಕಲ್ಲಿ. ಬಳೆಯ ಅಂಚು ಲೆಕ್ಕಕ್ಕಿಲ್ಲ. ದೀಪಗಳು ಲೆಕ್ಕವಿಲ್ಲದಷ್ಟಿವೆ. ಇಡೀ ರಸ್ತೆಗೆ ಬೆಳಕು ಬಿದ್ದಿದೆ. ಎಣಿಸಿ ಮುಗಿಸಬಹುದಾದಷ್ಟನ್ನು ಮಾತ್ರ ಉಳಿಸಿ ಮಿಕ್ಕವನ್ನು ಆರಿಸಿದರೂ ರಸ್ತೆಗೆ ಬೆಳಕು ಸಾಲುತ್ತದೆಯೇ?"

ನಾನು ಒಂದೊಂದೇ ಬಳೆ ಎತ್ತಿ ಪಕ್ಕಕ್ಕಿಡುತ್ತ ಹೋದೆ. ಸಾಲುತ್ತದೆ ಎಂದು ಕೈಗೇ ಗೊತ್ತಾಯಿತು. ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದ ಪಕ್ಕದ ಮನೆಯಾಕೆ, "ಏನ್ರೀ ಇದು, ಈ ವಯಸ್ಸಲ್ಲಿ ಬಳೆ ಆಟ" ಎಂದರು. "ಎಂಎಸ್ಸಿ ಓದ್ತಿದೀನ್ರೀ" ಎಂದೆ.

ಮರುದಿನ ತರಗತಿಯಲ್ಲಿ ಇವರು ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದರು. ನಾನು ಅದನ್ನು ಓದಲಿಲ್ಲ. ಮಕ್ಕಳ ಕಡೆ ತಿರುಗಿ, "ನೋಡ್ರಪ್ಪ, ಶಿವಮೊಗ್ಗದಿಂದ ನಿಮ್ಮೂರಿಗೆ ರಸ್ತೆ ಇದೆ, ರಸ್ತೆ ತುಂಬ ಲೈಟು" ಎಂದು ಶುರುಮಾಡಿದೆ. ಬೆನ್ನುಗಳು ನೆಟ್ಟಗಾದವು. ಒಂದು ಲೈನಿನಿಂದ ಇನ್ನೊಂದಕ್ಕೆ ಕೈಹಿಡಿದು ಕರೆದುಕೊಂಡು ಹೋದ ಹಾಗೆ ಹೋದೆ. ಆಗ ಆಯನೂರಿನ ಹುಡುಗ ಎದ್ದ.

"ಮೇಡಂ, ಭದ್ರಾವತಿ ಬಸ್ ಸ್ಟ್ಯಾಂಡನ್ನ ಲೆಕ್ಕದಿಂದ ಬಿಟ್ರೆ? ಅದರ ಹತ್ರದ ತನಕ ಮಾತ್ರ ರಸ್ತೆ ಅಂತ ಇಟ್ಕೊಂಡ್ರೆ?"

"ಏನೂ ಆಗಲ್ಲಪ್ಪ, ಇನ್ನೂ ಸುಲಭ ಆಯ್ತಲ್ಲ" ಎಂದೆ ನಾನು, ಧೈರ್ಯವಾಗಿ.

ಹಿಂದಿನಿಂದ ಡಸ್ಟರ್ ಮೇಜಿಗೆ ಬಡಿದ ಸದ್ದು. ತಿರುಗಿ ನೋಡಿದೆ. ಇವರ ಮುಖದಲ್ಲಿ ಸಿಟ್ಟಿರಲಿಲ್ಲ. ಹತ್ತಿರ ಬಂದು ಚಾಕ್‌ಪೀಸನ್ನು ನನ್ನ ಕೈಯಲ್ಲಿಟ್ಟು ಕಿಟಕಿಯ ಪಕ್ಕ ಹೋಗಿ ನಿಂತರು. ಅಷ್ಟೂ ಮಕ್ಕಳ ಎದುರು ನನಗೆ ಆ ಖಾಲಿ ಜಾಗ ಕೊಟ್ಟಿದ್ದರು. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಪಾಠ ಮಾಡಿದವಳು, ತರಗತಿಯಲ್ಲಿ ಅಷ್ಟು ಹೊತ್ತು ಸುಮ್ಮನೆ ನಿಂತದ್ದು ಅದೇ ಮೊದಲು. ಯಾರೂ ನಗಲಿಲ್ಲ. ಇವರ ತರಗತಿಯಲ್ಲಿ ಯೋಚಿಸುವವರನ್ನು ನೋಡಿ ನಗುವ ವಾಡಿಕೆ ಇರಲಿಲ್ಲವೆಂದು ಕಾಣುತ್ತದೆ.

ನಿಧಾನವಾಗಿ ಹೇಳಿದೆ. "ಬಸ್ ಸ್ಟ್ಯಾಂಡ್ ಲೆಕ್ಕದಲ್ಲಿದ್ರೆ ಅದರ ಮೇಲೆ ಯಾವುದಾದ್ರೂ ಒಂದು ದೀಪದ ಬೆಳಕು ಬಿದ್ದಿರ್ಲೇಬೇಕು. ಆ ಬೆಳಕು ಅದರ ಹಿಂದಿನ ರಸ್ತೆಗೂ ಸ್ವಲ್ಪ ಬಿದ್ದಿರುತ್ತೆ. ಅಲ್ವಾ? ಲೆಕ್ಕದಲ್ಲಿ ಇಲ್ಲದಿದ್ರೆ..." ನಿಲ್ಲಿಸಿದೆ. "ಒಂದು ದೀಪದ ಬೆಳಕು ಬಸ್ ಸ್ಟ್ಯಾಂಡಿನ ಹತ್ರ ಬರುತ್ತೆ. ಇನ್ನೊಂದರದ್ದು ಇನ್ನೂ ಹತ್ರ. ಮತ್ತೊಂದರದ್ದು ಇನ್ನೂ. ಯಾವುದೂ ಮುಟ್ಟಲ್ಲ. ಮುಟ್ಟೋ ಅಗತ್ಯ ಇಲ್ವಲ್ಲ. ಹಾಗಾದ್ರೆ ಅವುಗಳಲ್ಲಿ ಎಣಿಸಿ ಮುಗಿಯೋವಷ್ಟನ್ನ ಮಾತ್ರ ಉಳಿಸ್ಕೊಂಡ್ರೆ..."

"ಕೊನೇಲಿ ಒಂಚೂರು ಕತ್ತಲೆ ಉಳಿಯುತ್ತೆ ಮೇಡಂ" ಎಂದಳು ಮುಂದಿನ ಬೆಂಚಿನ ಹುಡುಗಿ.

"ಹಂಗಾದ್ರೆ ಬಸ್ ಸ್ಟ್ಯಾಂಡ್ ಬೇಕೇ ಬೇಕು" ಎಂದ ಆಯನೂರಿನವನು. "ನಮ್ಮೂರಿಗೇ ಒಂದು ಸರಿಯಾದ ಬಸ್ ಸ್ಟ್ಯಾಂಡ್ ಇಲ್ಲ, ನಾವೇನ್ ಮಾಡೋದು." ಆಗ ಎಲ್ಲರೂ ನಕ್ಕರು.

ಇವರು ನನ್ನನ್ನು ಹೊಗಳುವ ಹಾಗೆ ತಲೆಯಾಡಿಸಲಿಲ್ಲ. ನೇರ ಬೋರ್ಡಿಗೆ ಬಂದು ಮುಂದಿನ ಲೈನು ಬರೆಯತೊಡಗಿದರು. ಸರಿ ಉತ್ತರ ಹೇಳಿದ ಯಾರಿಗೇ ಆದರೂ ಸಾರ್ ಕೊಡುತ್ತಿದ್ದ ಬಹುಮಾನ ಅದೊಂದೇ ಎಂದು ಆಮೇಲೆ ಮಕ್ಕಳು ಹೇಳಿದರು. ನನ್ನ ಎಲೊಕ್ಯೂಷನ್ ಕಪ್‌ಗಳು ಶೋಕೇಸಿನಲ್ಲಿ ಇನ್ನೂ ಇವೆ. ಅವನ್ನು ತೆಗೆದುಕೊಂಡ ದಿನಗಳು ಇಷ್ಟು ಸ್ಪಷ್ಟವಾಗಿ ನೆನಪಿಲ್ಲ.

ಆಮೇಲಿನ ದಿನಗಳಲ್ಲಿ ಎಲ್ಲವೂ ಸರಾಗವಾಗಿ ಹೋಯಿತೆಂದಲ್ಲ. ನಾನು ತಪ್ಪುತ್ತಿದ್ದೆ, ಡಸ್ಟರ್ ಬಡಿಯುತ್ತಿತ್ತು. ಬರಬರುತ್ತ ಮಕ್ಕಳೇ ನನ್ನನ್ನು ತಿದ್ದತೊಡಗಿದರು. "ಅಲ್ಲ ಮೇಡಂ, ಇದನ್ನ ಹೀಗೆ ನೋಡಿ" ಎಂದು ಎದ್ದು ಬರುತ್ತಿದ್ದರು. ಅವರಲ್ಲೇ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪದೆ ಕಚ್ಚಾಡುತ್ತಿದ್ದರು. ಇವರು ಕಿಟಕಿಯ ಪಕ್ಕ ನಿಂತು ಕೇಳುತ್ತಿದ್ದರು. ಮೊದಲಾಗಿದ್ದರೆ ನಡುವೆ ಬಾಯಿ ಹಾಕುತ್ತಿದ್ದರೋ ಏನೋ, ಈಗ ಆಗುವ ಹಾಗಿರಲಿಲ್ಲ.

ಪರೀಕ್ಷೆ ಹತ್ತಿರ ಬಂದಾಗ ಡಾಕ್ಟರು ಗಂಟಲು ನೋಡಿ, ದಿನಕ್ಕೆ ಹತ್ತು ನಿಮಿಷ ಮೆಲ್ಲಗೆ ಮಾತಾಡಬಹುದು ಎಂದರು. ನನಗೆ ಎಷ್ಟು ಖುಷಿಯಾಯಿತು. ಕಾಫಿ ಕೊಟ್ಟು ಎದುರಿಗೆ ಕೂತೆ. ಇವರು ಸ್ಲೇಟು ಎತ್ತಿಕೊಂಡರು.

"ಯಾಕ್ರೀ, ಡಾಕ್ಟ್ರು ಮಾತಾಡಬಹುದು ಅಂದ್ರಲ್ಲ."

ಸ್ಲೇಟು: "ಹತ್ತು ನಿಮಿಷ ಕ್ಲಾಸಿಗೆ."

"ಎಲ್ಲ ಅವರಿಗೇನಾ? ನಂಗೆ ಒಂದು ಮಾತಿಲ್ವಾ?"

ಸ್ಲೇಟು: "ಕೊನೆ ಕ್ಲಾಸು ಬರುತ್ತಿದೆ. ಕೊನೆ ಥಿಯರಮ್ ನಾನೇ ಹೇಳಬೇಕು. ಅಲ್ಲಿಯವರೆಗೆ ಖರ್ಚು ಮಾಡುವುದಿಲ್ಲ."

ಒಂದು ದಿನದ ನಿಮಿಷ ಇನ್ನೊಂದು ದಿನಕ್ಕೆ ಉಳಿಯುವುದಿಲ್ಲ ಎಂದು ನಾನು ವಾದಿಸಿದೆ. ಕೇಳುವವರು ಯಾರು? ಮೂವತ್ತು ವರ್ಷದ ಕೆಲಸವನ್ನು ತನ್ನ ಬಾಯಿಂದಲೇ ಮುಗಿಸಬೇಕೆನ್ನುವುದು ಅವರ ಆಸೆ. ಅದು ಅತಿಯಾಸೆಯೇನಲ್ಲ. ನಾನು ಸುಮ್ಮನಾದೆ, ಸ್ವಲ್ಪ ಮುನಿಸಿಕೊಂಡೇ.

ಕೊನೆಯ ಕ್ಲಾಸಿನ ದಿನ ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಿ, ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಹೊರಟರು. ನನಗೆ ಅವತ್ತು ಕೆಲಸವಿಲ್ಲ, ಹಿಂದಿನ ಬೆಂಚಿನಲ್ಲಿ ಕೂತರೆ ಸಾಕು ಎಂದು ಸ್ಲೇಟಿನಲ್ಲಿ ಹೇಳಿದ್ದರು. ನಾವು ಒಳಗೆ ಹೋಗುವ ಹೊತ್ತಿಗೆ ಮುಂದಿನ ಬೆಂಚಿನ ಹುಡುಗಿ ಆಗಲೇ ಬೋರ್ಡಿನ ಎದುರು ನಿಂತಿದ್ದಳು. ಕೊನೆಯ ಥಿಯರಮ್ ಇಂಗ್ಲಿಷಿನಲ್ಲಿ ಅರ್ಧ ಬರೆದಾಗಿತ್ತು. ನಮ್ಮನ್ನು ಕಂಡು ಗಾಬರಿಯಾಗಿ ಚಾಕ್‌ಪೀಸ್ ಕೆಳಗಿಡಲು ಹೋದಳು.

"ಸಾರಿ ಸಾರ್. ನೀವು ಗಂಟಲಿಗೆ ತ್ರಾಸ ಮಾಡ್ಕೊಳ್ಳೋದು ಬೇಡ ಅಂತ ನಾವೇ ಪ್ರಿಪೇರ್ ಆಗಿ ಬಂದ್ವಿ. ಎಲ್ರೂ ಸೇರಿ."

ನಾನು ಇವರ ಮುಖ ನೋಡಿದೆ. ಬಾಯಿ ತೆರೆದಿತ್ತು. ಮೊದಲ ಪದ ತುದಿನಾಲಿಗೆಯ ಮೇಲಿತ್ತು. ಇಷ್ಟು ದಿನ ಜಿಪುಣನ ಹಾಗೆ ಕಾದಿಟ್ಟ ದನಿ. ಇವರು ಅದನ್ನು ಇವತ್ತಿಗೆಂದೇ ಉಳಿಸಿಟ್ಟದ್ದು ಆ ಹುಡುಗಿಗೆ ಗೊತ್ತಿಲ್ಲ. ನಾನು ಹೇಳಿಬಿಡಲೇ ಎಂದುಕೊಂಡೆ. ಅಷ್ಟರಲ್ಲಿ ಇವರು ಬಾಯಿ ಮುಚ್ಚಿ, ಮುಂದುವರಿಸು ಎಂದು ಕೈಸನ್ನೆ ಮಾಡಿ ಬಂದು ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತರು.

ಅವಳು ಒಂದು ಲೈನು ಬರೆಯುವಳು, ತಿರುಗಿ ಕನ್ನಡದಲ್ಲಿ ಹೇಳುವಳು. ನಡುವೆ ಆಯನೂರಿನವನು ಅಡ್ಡ ಪ್ರಶ್ನೆ ಹಾಕಿದ. ಅವಳು ಉತ್ತರ ಹೇಳಲಿಲ್ಲ. ಚಾಕ್‌ಪೀಸನ್ನು ಅವನ ಕೈಯಲ್ಲಿಟ್ಟು ಪಕ್ಕಕ್ಕೆ ನಿಂತಳು. ಪಿರಿಯಡ್ ಮುಗಿಯುವ ತನಕ ಇವರು ಮಾತಾಡಲಿಲ್ಲ. ಮುಗಿದ ಮೇಲೆ ಎದ್ದು ಹೋಗಿ, ಅವಳು ಬರೆದದ್ದನ್ನು ಮೇಲಿಂದ ಕೆಳಗಿನ ತನಕ ಓದಿ, ಅದರಲ್ಲಿ ಏನನ್ನೂ ಒರೆಸದೆ ಡಸ್ಟರನ್ನು ಮೇಜಿನ ಮೇಲಿಟ್ಟು ಹೊರಗೆ ಬಂದರು.

ಆ ಬ್ಯಾಚಿನವರು ಪರೀಕ್ಷೆಯನ್ನು ಚೆನ್ನಾಗಿಯೇ ಬರೆದರು. ಆ ಹುಡುಗಿ ಈಗ ಎಲ್ಲೋ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಇವರ ದನಿ ಮೊದಲಿನ ಹಾಗೆ ಬರಲೇ ಇಲ್ಲ, ಕೊನೆಯವರೆಗೂ ಗೊರಗೊರ ಎಂದೇ ಇತ್ತು. ಇವರು ಹೋಗಿ ಈಗ ಎಷ್ಟೋ ವರ್ಷವಾಯಿತು. ನನಗೆ ಕೇಳಿಸುವುದು ಆ ಗೊರಗೊರ ದನಿಯೇ, ಅದಕ್ಕೂ ಹಿಂದಿನದು ಮರೆತೇ ಹೋಗಿದೆ.

ಆ ಕೊನೆಯ ಕ್ಲಾಸಿನ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬೇಜಾರಾಗಿರಬೇಕು ಎಂದು ನಾನು ಏನೂ ಕೇಳಲಿಲ್ಲ. ಊರು ದಾಟುತ್ತಲೇ ಇವರು ನನ್ನ ಕಡೆ ತಿರುಗಿದರು.

"ಆ ಹುಡುಗಿ ಒಂದು ಸ್ಟೆಪ್ ಬಿಟ್ಲು. ನೋಡಿದ್ಯಾ?"

ಅಷ್ಟು ತಿಂಗಳ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು. ಅಷ್ಟೂ ಜನರ ಗಲಾಟೆಯಲ್ಲಿ ಕಿವಿ ಅವರ ಬಾಯಿಯ ಹತ್ತಿರ ಒಯ್ದು ಕೇಳಬೇಕಾಯಿತು.

"ನೋಡಿದೆ. ಬೇಕಂತ್ಲೇ ಬಿಟ್ಲು. ಹಿಂದಿನ ಬೆಂಚಿನ ಹುಡುಗರು ಪ್ರಶ್ನೆ ಕೇಳ್ಲಿ ಅಂತ."

"ಇಲ್ಲ, ಮರೆತಳು."

"ಮರೀಲಿಲ್ಲ ಕಣ್ರೀ. ನೀವೂ ಹಾಗೇ ಮಾಡ್ತಿದ್ರಂತೆ, ಅವಳೇ ಹೇಳಿದ್ಲು."

"ನಾನಾ? ಯಾವತ್ತೂ ಇಲ್ಲ" ಎಂದರು ಇವರು. ಮುಖದ ತುಂಬ ನಗು. "ಎಲ್ಲಿ, ಆ ಸ್ಟೆಪ್ ಏನು ಹೇಳು ನೋಡೋಣ."

ನಾನು ಹೇಳತೊಡಗಿದೆ.